ಹೆದ್ದಾರಿ ಪಕ್ಕ ಮನೆ ಕಟ್ಟಿಸುತ್ತಿದ್ದೀರಾ? ಗಾಜಿಗಿಂತ ಮೊದಲು ನಕ್ಷೆ ನೋಡಿ

ಪ್ರಶ್ನೆ: ತುಮಕೂರು ರಸ್ತೆಯಲ್ಲಿ ಮಾದಾವರ ದಾಟಿ ನೆಲಮಂಗಲದ ಕಡೆ ಹೋಗುವಾಗ ಎಡಗಡೆ ನಮ್ಮದೊಂದು 60/90 ಸೈಟ್ ಇದೆ. ಸರ್ವಿಸ್ ರೋಡಿಗೂ ನಮಗೂ ನಡುವೆ ಒಂದು ಖಾಲಿ ಸೈಟ್. ಹಿಂದುಗಡೆ ಕಲ್ಯಾಣ ಮಂಟಪ. ನಾನು, ನನ್ನ ತಮ್ಮ ಸೇರಿ ನಾಲ್ಕು ಅಂತಸ್ತು, ಎಂಟು ಮನೆ ಕಟ್ಟಿಸಬೇಕೆಂದಿದ್ದೇವೆ. ಎರಡರಲ್ಲಿ ನಾವೇ ಇರುತ್ತೇವೆ, ಉಳಿದವು ಬಾಡಿಗೆಗೆ. ಒಂದೊಂದು ಅಂತಸ್ತಿನಲ್ಲೂ ಮುಂದೊಂದು ಮನೆ, ಹಿಂದೊಂದು ಮನೆ. ರಾತ್ರಿ ಲಾರಿಗಳ ಸದ್ದು ವಿಪರೀತ. ನಮ್ಮ ಆರ್ಕಿಟೆಕ್ಟ್, 'ಕಾಂಪೌಂಡ್ ಏಳು ಅಡಿ ಏರಿಸೋಣ, ಮುಂದೆ ಅಶೋಕ ಮರ ಹಾಕೋಣ, ಕಿಟಕಿಗೆ ಡಬಲ್ ಗ್ಲಾಸ್ ಕೊಡೋಣ' ಎನ್ನುತ್ತಾರೆ. ಇಷ್ಟು ಸಾಕಾ? ಮಂಟಪದ ಮೈಕಿಗೆ ಏನು ಮಾಡೋದು?

ಉತ್ತರ: ಪಾಯ ತೆಗೆಯುವ ಮುಂಚೆ ಕೇಳಿದ್ದೀರಿ, ಒಳ್ಳೇದಾಯ್ತು. ಗೃಹಪ್ರವೇಶ ಮುಗಿಸಿ, ಒಂದು ವಾರ ನಿದ್ದೆ ಇಲ್ಲದೆ ಒದ್ದಾಡಿದ ಮೇಲೆ ಕೇಳುವವರೇ ಜಾಸ್ತಿ. ಆಗ ಕಿಟಕಿ ಬಿಟ್ಟು ಬೇರೆ ಮಾತಾಡಲು ಏನೂ ಉಳಿದಿರುವುದಿಲ್ಲ.

ನಿಮ್ಮ ಆರ್ಕಿಟೆಕ್ಟ್ ಹೇಳಿದ ಮೂರರಲ್ಲಿ ಒಂದರಿಂದ ಸ್ವಲ್ಪ ಉಪಯೋಗವಿದೆ, ಒಂದರಿಂದ ಇಲ್ಲವೇ ಇಲ್ಲ, ಇನ್ನೊಂದು ಸರಿಯಾಗಿ ಮಾಡಿದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಆದರೆ ನಿಮ್ಮ ನಿಜವಾದ ತೊಂದರೆ ಇರುವುದು 'ಮುಂದೊಂದು ಮನೆ, ಹಿಂದೊಂದು ಮನೆ' ಅನ್ನುವ ಸಾಲಿನಲ್ಲಿ. ಅದನ್ನು ಹಾಗೇ ಬಿಟ್ಟರೆ ಎಂಟರಲ್ಲಿ ನಾಲ್ಕು ಮನೆಯವರಿಗೆ ರಸ್ತೆ ಬಿಟ್ಟು ಬೇರೆ ದಿಕ್ಕೇ ಇಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಸದ್ದು ಅಳೆಯಿರಿ. ಹಗಲು ಹೋಗಿ ನಿಂತು 'ಪರವಾಗಿಲ್ಲ' ಅಂದುಕೊಂಡು ಬರಬೇಡಿ. ಬೆಂಗಳೂರಿನ ಒಳಗೆ ಹಗಲಿನ ಬಹುಪಾಲು ಹೊತ್ತು ದೊಡ್ಡ ಲಾರಿಗಳಿಗೆ ನಿರ್ಬಂಧ. ಪುಣೆ ಕಡೆಯಿಂದ ಬರುವವು, ಹಾಸನ, ಮಂಗಳೂರು ಕಡೆಯಿಂದ ಬರುವವು ಎರಡೂ ನೆಲಮಂಗಲದಲ್ಲಿ ಸೇರಿ ನಿಮ್ಮ ಸೈಟಿನ ಮುಂದೆಯೇ ಹಾಯುತ್ತವೆ. ಅಂದರೆ ನಿಮ್ಮ ರಸ್ತೆಗೆ ರಾತ್ರಿಯೇ ದುಡಿಮೆ ಹೊತ್ತು. ರಾತ್ರಿ ಹನ್ನೊಂದರಿಂದ ಒಂದು ಗಂಟೆ, ಬೆಳಗಿನ ಜಾವ ನಾಲ್ಕರಿಂದ ಆರು, ಈ ಎರಡು ಹೊತ್ತು ಅಳೆಯಿರಿ. ಒಂದು ಸಲ ವಾರದ ನಡುವೆ, ಇನ್ನೊಂದು ಸಲ ಮದುವೆ ಸೀಸನ್ನಿನಲ್ಲಿ, ಮಂಟಪದಲ್ಲಿ ರಿಸೆಪ್ಷನ್ ಇರುವ ಸಂಜೆ. ಮೊಬೈಲ್ ಆ್ಯಪ್ ಅಂದಾಜಿಗೆ ಸಾಕು. ದುಡ್ಡು ಹಾಕುವ ತೀರ್ಮಾನಕ್ಕೆ ಮಾತ್ರ ಸರಿಯಾದ ಮೀಟರ್ ತರಿಸಿ, ಒಂದು ದಿನದ ಬಾಡಿಗೆಗೆ ಸಿಗುತ್ತದೆ. ಮೀಟರ್ ಹಿಡಿದು ನೆಲದ ಮೇಲೆ ನಿಲ್ಲಬೇಡಿ. ಪಕ್ಕದ ಮನೆಯವರನ್ನು ಕೇಳಿ ಅವರ ಟೆರೇಸಿಗೆ ಹತ್ತಿ. ನಿಮ್ಮ ಮೂರನೇ ಮಹಡಿ ಇರೋದು ಅಲ್ಲಿ, ನೆಲದಲ್ಲಲ್ಲ.

ಓದುವಾಗ ಒಂದು ವಿಷಯ ನೆನಪಿರಲಿ. ಮೀಟರ್ ತೋರಿಸುವ ಸರಾಸರಿ ನಮ್ಮ ಮಾಮೂಲಿ ಸರಾಸರಿ ಅಲ್ಲ, ಶಕ್ತಿಯ ಸರಾಸರಿ, ಅದರಲ್ಲಿ ಜೋರು ಸದ್ದಿಗೇ ತೂಕ ಜಾಸ್ತಿ. ಒಂದು ಗಂಟೆಯಲ್ಲಿ 59 ನಿಮಿಷ 50 ಡೆಸಿಬೆಲ್ (ಸದ್ದಿನ ಅಳತೆ) ಇದ್ದು, ಎಲ್ಲ ಹಾರ್ನ್ ಸೇರಿ ಒಂದೇ ಒಂದು ನಿಮಿಷ 85 ಬಂತು ಅನ್ನಿ. ಆ ಗಂಟೆಯ ಸರಾಸರಿ 51 ಅಲ್ಲ, 67! ಆದ್ದರಿಂದ ಸರಾಸರಿಯ ಜೊತೆಗೆ ಗರಿಷ್ಠ ಎಷ್ಟಕ್ಕೆ ಹೋಯಿತು ಅನ್ನುವುದನ್ನೂ ಬರೆದುಕೊಳ್ಳಿ. ಜನರ ನಿದ್ದೆ ಒಡೆಯುವುದು ಆ ಗರಿಷ್ಠಗಳಿಂದ. ಇನ್ನೊಂದು ಕಡೆ, ರಸ್ತೆಯ ವಾಹನಗಳು ದುಪ್ಪಟ್ಟಾದರೂ ಸರಾಸರಿ ಏರುವುದು ಬರೀ 3 ಡೆಸಿಬೆಲ್. 'ಮುಂದೆ ಟ್ರಾಫಿಕ್ ಜಾಸ್ತಿಯಾದರೆ ಗತಿಯೇನು' ಅಂತ ಹೆದರಬೇಕಿಲ್ಲ. ಈಗ ಅಳೆದಿದ್ದಕ್ಕೆ 3 ಸೇರಿಸಿ ಡಿಸೈನ್ ಮಾಡಿದರೆ ಮುಗಿಯಿತು.

ಕಾನೂನು ಏನು ಬಯಸುತ್ತದೆ? 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಅಂದರೆ ಹತ್ತರಿಂದ ಬೆಳಗ್ಗೆ ಆರು. ವಾಣಿಜ್ಯ ಪ್ರದೇಶವಾದರೆ 65 ಮತ್ತು 55. ಅದೇ ನಿಯಮಗಳಲ್ಲಿ ಯಾರೂ ಓದದ ಒಂದು ಸಾಲಿದೆ: ಅಭಿವೃದ್ಧಿ ಪ್ರಾಧಿಕಾರಗಳು, ಸ್ಥಳೀಯ ಸಂಸ್ಥೆಗಳು ಯೋಜನೆ ಮಾಡುವಾಗಲೇ ಶಬ್ದವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ. 20,000 ಚದರ ಮೀಟರ್ ದಾಟುವ ಕಟ್ಟಡಗಳು ಪರಿಸರ ಅನುಮತಿಗೆ ಹೋಗಬೇಕು, ಅಲ್ಲಿ ಶಬ್ದದ ಮಾತೂ ಬರುತ್ತದೆ. ಎಂಟು ಮನೆಯ ಕಟ್ಟಡಕ್ಕೆ ಪ್ಲಾನ್ ಸ್ಯಾಂಕ್ಷನ್ ಮಾಡುವಾಗ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡುವ ಖಾಲಿ ಜಾಗ) ಎಷ್ಟು, ಪಾರ್ಕಿಂಗ್ ಎಷ್ಟು ಅಂತ ಕೇಳಿಯಾರು. ಬೆಡ್‌ರೂಮ್ ಯಾವ ಕಡೆ ಅಂತ ಯಾರೂ ಕೇಳಲಿಕ್ಕಿಲ್ಲ. ನೀವೇ ಕೇಳಿಕೊಳ್ಳಬೇಕು.

ಈಗ ಕಾಂಪೌಂಡ್. ಇದಕ್ಕೆ ಬಹಳ ಸುಲಭದ ಪರೀಕ್ಷೆ ಇದೆ. ನೀವು ನಿಂತ ಜಾಗದಿಂದ ಲಾರಿಯ ಟೈರ್ ಕಾಣುತ್ತಿದೆಯಾ? ಕಂಡರೆ ಸದ್ದೂ ನೇರವಾಗಿ ಬರುತ್ತಿದೆ ಅಂತ ಅರ್ಥ. ಗೋಡೆ ಆ ನೋಟವನ್ನು ಪೂರ್ತಿ ಮುಚ್ಚಿದಾಗ ಸುಮಾರು 5 ಡೆಸಿಬೆಲ್ ಇಳಿಯುತ್ತದೆ, ಅದಕ್ಕಿಂತ ಎತ್ತರವಾದಷ್ಟೂ ಇನ್ನಷ್ಟು. ಏಳು ಅಡಿ ಕಾಂಪೌಂಡ್ ನೆಲ ಅಂತಸ್ತಿಗೆ ಉಪಕಾರ ಮಾಡುತ್ತದೆ. ಮೇಲಿನ ಮಹಡಿಯವರು ಅದರ ತಲೆಯ ಮೇಲಿಂದ ಆರಾಮಾಗಿ ರಸ್ತೆ ನೋಡುತ್ತಿರುತ್ತಾರೆ. ಎಂಟರಲ್ಲಿ ಎರಡು ಮನೆಗೆ ಉಪಯೋಗ, ಅಷ್ಟೇ. ಕಟ್ಟಿಸುವುದಾದರೆ ಸಂದಿ ಬಿಡದೆ ಕಟ್ಟಿಸಿ. ಗೇಟಿಗೂ ಗ್ರಿಲ್ ಬೇಡ, ಪೂರ್ತಿ ಶೀಟ್ ಇರಲಿ.

ಅಶೋಕ ಮರದ ಸಾಲು ಸದ್ದಿಗೆ ಏನೂ ಮಾಡುವುದಿಲ್ಲ. 30 ಮೀಟರ್ ಆಳದ ದಟ್ಟ ತೋಪು ಇದ್ದರೆ 5 ಡೆಸಿಬೆಲ್ ಆಸುಪಾಸು ತಗ್ಗಿಸೀತು. ನಿಮ್ಮ ಇಡೀ ಸೈಟಿನ ಉದ್ದವೇ 27 ಮೀಟರ್. ಧೂಳಿಗೆ, ನೆರಳಿಗೆ, ಕಣ್ಣಿಗೆ ಹಾಕಿ, ಬೇಡ ಅನ್ನಲ್ಲ. ನನ್ನ ಕೇಳಿದರೆ ಅಶೋಕದ ಬದಲು ಹೊಂಗೆ.

ಕೆಲವರು ಸದ್ದಿಗೆ ಹೆದರಿ ಕಟ್ಟಡವನ್ನು ಐದು ಅಡಿ ಹಿಂದೆ ಸರಿಸುತ್ತಾರೆ. ಅದೂ ವ್ಯರ್ಥ. ಹೆದ್ದಾರಿಯ ಸದ್ದು ದೂರ ದುಪ್ಪಟ್ಟಾದಾಗ ಕಡಿಮೆಯಾಗುವುದು 3 ಡೆಸಿಬೆಲ್ ಮಾತ್ರ. 30 ಮೀಟರ್ ಇದ್ದದ್ದು 60 ಆಗಬೇಕು. ಐದು ಅಡಿಗೆ ಮೀಟರಿನ ಮುಳ್ಳು ಅಲ್ಲಾಡುವುದೂ ಇಲ್ಲ. ಮುಂದಿನ ಖಾಲಿ ಸೈಟಿನಲ್ಲಿ ನಾಳೆ ಯಾರಾದರೂ ಮೂರು ಮಹಡಿ ಎಬ್ಬಿಸಿದರೆ ಅದೇ ನಿಮಗೆ ಒಳ್ಳೆಯ ತಡೆಗೋಡೆ ಆಗುತ್ತದೆ. ಆದರೆ ಅದನ್ನು ನಂಬಿ ಕೂರಬೇಡಿ. ಅಲ್ಲಿ ಟೈರ್ ಪಂಕ್ಚರ್ ಅಂಗಡಿಯೋ ಲಾರಿ ಸ್ಟ್ಯಾಂಡೋ ಬರಬಹುದು.

ಇನ್ನು ಮುಖ್ಯ ವಿಷಯ. ರಸ್ತೆ ಪಕ್ಕದ ಸೈಟಿನಲ್ಲಿ ನಿಮ್ಮ ಕಟ್ಟಡವೇ ಅತಿ ದೊಡ್ಡ ತಡೆಗೋಡೆ. ಅದರ ಬೆನ್ನ ಹಿಂದೆ ಮುಂಭಾಗಕ್ಕಿಂತ 10ರಿಂದ 15 ಡೆಸಿಬೆಲ್, ಕೆಲವು ಕಡೆ ಇನ್ನೂ ಜಾಸ್ತಿ ಕಡಿಮೆ ಸದ್ದು ಇರುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧಕ್ಕೆ ಇಳಿದ ಹಾಗೆ. ಆದರೆ ನಿಮ್ಮ ಈಗಿನ ನಕ್ಷೆಯಲ್ಲಿ ಆ ಶಾಂತ ಬೆನ್ನು ಪೂರ್ತಿ ಹಿಂದಿನ ನಾಲ್ಕು ಮನೆಯವರ ಪಾಲು. ಮುಂದಿನ ನಾಲ್ಕು ಮನೆಗೆ ಅದು ಸ್ವಲ್ಪವೂ ಸಿಗುವುದಿಲ್ಲ.

ಹಾಗಾಗಿ ಅಂತಸ್ತನ್ನು ಅಡ್ಡಕ್ಕೆ ಸೀಳುವ ಬದಲು ಉದ್ದಕ್ಕೆ ಸೀಳಿ. ಎಡಕ್ಕೊಂದು ಮನೆ, ಬಲಕ್ಕೊಂದು ಮನೆ. ಎರಡೂ ಮನೆಗೆ ಮುಖ ರಸ್ತೆಗೆ, ಬೆನ್ನು ಹಿಂದಕ್ಕೆ. ಸೆಟ್‌ಬ್ಯಾಕ್ ಬಿಟ್ಟು ಒಂದೊಂದಕ್ಕೆ ಇಪ್ಪತ್ತು ಅಡಿ ಚಿಲ್ಲರೆ ಅಗಲ ಸಿಗುತ್ತದೆ. ಹಿಂಭಾಗದಲ್ಲಿ ಎರಡು ಬೆಡ್‌ರೂಮ್ ಪಕ್ಕಪಕ್ಕ ಕೂರುತ್ತವೆ. ರಸ್ತೆ ಕಡೆ ಮೆಟ್ಟಿಲು, ಲಿಫ್ಟ್, ಅಡುಗೆಮನೆ, ಯುಟಿಲಿಟಿ, ಬಾತ್‌ರೂಮ್, ಆಮೇಲೆ ಹಾಲ್. ಹಾಲಿನಲ್ಲಿ ಟಿವಿ ಓಡುತ್ತಿರುತ್ತದೆ, ಜನ ಮಾತಾಡುತ್ತಿರುತ್ತಾರೆ. ಅಲ್ಲಿ 45 ಡೆಸಿಬೆಲ್ ಇದ್ದರೆ ಯಾರಿಗೂ ಗೊತ್ತೂ ಆಗುವುದಿಲ್ಲ. ಸ್ವೀಡನ್ನಿನಲ್ಲಿ ಇದು ನಿಯಮವೇ ಆಗಿದೆ: ಗೋಡೆಯ ಹೊರಗೆ ರಸ್ತೆಯ ಸದ್ದು 60 ಡೆಸಿಬೆಲ್ ಮೀರಿದರೆ, ಮನೆಯ ಅರ್ಧದಷ್ಟಾದರೂ ಕೋಣೆಗಳು ಶಾಂತ ಬದಿಗೆ ತೆರೆದುಕೊಳ್ಳಬೇಕು. ಕೆಲವು ಸಣ್ಣ ಮನೆಗಳಿಗೆ ಮಾತ್ರ ರಿಯಾಯಿತಿ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಮುಂಭಾಗದಲ್ಲಿ ರಾತ್ರಿ 68 ಬಂತು ಅಂತ ಇಟ್ಟುಕೊಳ್ಳಿ. ಮಲಗುವ ಕೋಣೆಯೊಳಗೆ 30ರಿಂದ 35 ಇದ್ದರೆ ಚೆನ್ನ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ 30 ಅಂತ ಹೇಳಿತ್ತು. ಬೆಡ್‌ರೂಮ್ ರಸ್ತೆ ಕಡೆ ಇದ್ದರೆ ಕಿಟಕಿ, ಗೋಡೆ ಸೇರಿ 35 ಡೆಸಿಬೆಲ್ ತಡೆಯಬೇಕು. ಅದು ದುಬಾರಿ ಕಿಟಕಿ, ಅದನ್ನೂ ಸದಾ ಮುಚ್ಚಿರಬೇಕು. ಅದೇ ಬೆಡ್‌ರೂಮ್ ಹಿಂದಿದ್ದರೆ ಹೊರಗೆ 53. ಮಾಮೂಲಿ ಕಿಟಕಿ ಮುಚ್ಚಿದರೆ ಒಳಗೆ 33. ತೆರೆದಿಟ್ಟರೂ 40ರ ಹತ್ತಿರ, ಫ್ಯಾನಿನ ಸದ್ದಿಗೆ ಸರಿಸಮ. ಬೇಸಿಗೆಯಲ್ಲಿ ಕಿಟಕಿ ತೆರೆದು ಮಲಗಬಹುದು. ನಮ್ಮ ಕಡೆ ಬೆಡ್‌ರೂಮಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನಿದೆ?

ವಾಸ್ತು ನೋಡುವವರಾಗಿದ್ದರೆ ನಿಮಗೆ ಅದೃಷ್ಟ. ನಿಮ್ಮ ಸೈಟಿಗೆ ರಸ್ತೆ ಈಶಾನ್ಯದಲ್ಲಿ ಬರುತ್ತದೆ, ಮಾಸ್ಟರ್ ಬೆಡ್‌ರೂಮ್ ಕೇಳುವ ನೈಋತ್ಯ ಸರಿಯಾಗಿ ಹಿಂಭಾಗಕ್ಕೆ ಬೀಳುತ್ತದೆ. ರಸ್ತೆಯ ಆಚೆ ಬದಿಯವರಿಗೆ ಈ ಸೌಕರ್ಯ ಇಲ್ಲ, ಅಲ್ಲಿ ವಾಸ್ತುವಿಗೂ ನಿದ್ದೆಗೂ ಜಗಳ.

ಉದ್ದಕ್ಕೆ ಸೀಳಿದರೆ ನಡುವಿನ ಕೋಣೆಗೆ ಬೆಳಕು ಕಡಿಮೆ, ನಿಜ. ಪಕ್ಕದ ಸೆಟ್‌ಬ್ಯಾಕಿಗೆ ಕಿಟಕಿ ಕೊಡಬಹುದು. ಆದರೆ ಪಕ್ಕದ ಗೋಡೆ ಶಾಂತ ಬದಿ ಅಲ್ಲ. ಅದಕ್ಕೆ ರಸ್ತೆ ಅರ್ಧ ಕಾಣುತ್ತದೆ, ಹಾಗಾಗಿ ಮುಂಭಾಗಕ್ಕಿಂತ 3 ಡೆಸಿಬೆಲ್ ಮಾತ್ರ ಕಡಿಮೆ. ಆ ಕಿಟಕಿಯ ರಸ್ತೆ ಮಗ್ಗುಲಲ್ಲಿ ಎರಡಡಿ ಗೋಡೆ ಹೊರಚಾಚಿದರೆ ಸ್ವಲ್ಪ ಸಹಾಯ. ನಡುವೆ ಆಕಾಶಕ್ಕೆ ತೆರೆದ ಡಕ್ಟ್ ಬಿಟ್ಟರೆ ರಸ್ತೆಯ ಸದ್ದು ಚೆನ್ನಾಗಿ ತಗ್ಗುತ್ತದೆ. ಆದರೆ ಎಂಟು ಮನೆಯ ಮಿಕ್ಸಿ, ಕುಕ್ಕರ್ ವಿಷಲ್, ಅತ್ತೆ ಸೊಸೆ ಮಾತು ಎಲ್ಲ ಅದರೊಳಗೆ ಗಿರಕಿ ಹೊಡೆಯುತ್ತವೆ. ಅಲ್ಲಿಗೆ ಓದುವ ಕೋಣೆಯನ್ನೋ ದೇವರ ಕೋಣೆಯನ್ನೋ ಕೊಡಿ, ಮಲಗುವ ಕೋಣೆ ಬೇಡ.

ರಸ್ತೆ ಕಡೆ ಬಾಲ್ಕನಿ ಇಟ್ಟರೆ ಸ್ಟೀಲ್ ಗ್ರಿಲ್ ಬಿಟ್ಟು ಮೂರೂವರೆ ಅಡಿ ಗಟ್ಟಿ ಪ್ಯಾರಾಪೆಟ್ ಕಟ್ಟಿಸಿ. ಮೇಲಿನ ಮಹಡಿಗಳಿಗೆ ಕಾಂಪೌಂಡ್ ಮಾಡಲಾಗದ ಕೆಲಸವನ್ನು ಇದು ಮಾಡುತ್ತದೆ. ಒಂದು ಎಡವಟ್ಟು ಇದೆ: ಕೆಳಗಿಂದ ಬಂದ ಸದ್ದು ಬಾಲ್ಕನಿಯ ಸೀಲಿಂಗಿಗೆ ಹೊಡೆದು ನೇರ ಕೋಣೆಯೊಳಗೆ ತಿರುಗುತ್ತದೆ. ಸೀಲಿಂಗಿಗೆ ಸದ್ದು ಹೀರುವ ಬೋರ್ಡ್ ಹಾಕಿಸಿದರೆ ಇನ್ನಷ್ಟು ಇಳಿಯುತ್ತದೆ. ಮಳೆ, ತೇವ ತಡೆಯುವ ಜಾತಿಯದೇ ಇರಬೇಕು.

ಹಿಂದಿನ ಮಂಟಪಕ್ಕೆ ಬರೋಣ. 'ಹಿಂದೆ ಬೆಡ್‌ರೂಮ್ ಇಟ್ಟರೆ ಮೈಕ್ ಕೇಳುತ್ತಲ್ಲ' ಅಂತೀರಿ. ಕೇಳುತ್ತದೆ. ಆದರೂ ನಾನು ಹಿಂದಕ್ಕೇ ಇಡುತ್ತೇನೆ. ಲಾರಿ ವರ್ಷದ ಎಲ್ಲ ರಾತ್ರಿಯೂ ಓಡುತ್ತದೆ, ಮದುವೆ ಸೀಸನ್ನಿಗೆ ಮಾತ್ರ. ಲಾರಿಗೆ ಹತ್ತು ಗಂಟೆಯ ಗಡುವಿಲ್ಲ, ಧ್ವನಿವರ್ಧಕಕ್ಕೆ ಇದೆ. ರಾತ್ರಿ ಹತ್ತರಿಂದ ಆರರವರೆಗೆ ಮುಚ್ಚಿದ ಸಭಾಂಗಣದ ಒಳಗೆ ಬಿಟ್ಟು ಬೇರೆಲ್ಲೂ ಹಚ್ಚುವ ಹಾಗಿಲ್ಲ. ಹಬ್ಬಗಳಿಗೆ ಅಂತ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಹನ್ನೆರಡರವರೆಗೆ ಸಡಿಲಿಸಬಹುದು. ಖಾಸಗಿ ಜಾಗದ ಧ್ವನಿವರ್ಧಕದ ಸದ್ದು ಆ ಜಾಗದ ಗಡಿಯಲ್ಲಿ ಪ್ರದೇಶದ ಮಿತಿಗಿಂತ 5 ಡೆಸಿಬೆಲ್ ಮೀರಬಾರದು. ವಸತಿ ಪ್ರದೇಶವಾದರೆ ಹಗಲು 60. ಮಿತಿಗಿಂತ 10 ಮೀರಿದರೆ ದೂರು ಕೊಡಲು ಅವಕಾಶವಿದೆ, 112ಕ್ಕೆ ಕರೆ ಮಾಡಬಹುದು.

ಆದರೆ ಮಂಟಪ ನಿಮಗಿಂತ ಮೊದಲು ಅಲ್ಲಿತ್ತು, ಅಲ್ವಾ? ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 2014ರಿಂದ, ಇಂಗ್ಲೆಂಡಿನಲ್ಲಿ 2018ರಿಂದ ಯೋಜನಾ ನಿಯಮ ಹೀಗಿದೆ: ಸಂಗೀತದ ಜಾಗದ ಪಕ್ಕ ಆಮೇಲೆ ಮನೆ ಕಟ್ಟುವವನೇ ಸದ್ದು ತಡೆಯುವ ಜವಾಬ್ದಾರಿ ಹೊರಬೇಕು. ನ್ಯಾಯವೂ ಹೌದು ಅಂತ ನನಗನ್ನಿಸುತ್ತದೆ. ಆದ್ದರಿಂದ ದೂರಿನ ಅರ್ಜಿ ಬರೆಯುವ ಮೊದಲು ಒಂದು ದಿನ ಮಂಟಪದ ಮ್ಯಾನೇಜರನ್ನು ಮಾತಾಡಿಸಿ. ಅವರ ಜನರೇಟರ್ ಎಲ್ಲಿದೆ, ಪಾತ್ರೆ ತೊಳೆಯುವ ಜಾಗ ಯಾವ ಮೂಲೆ, ಅಡುಗೆಮನೆಯ ಎಕ್ಸಾಸ್ಟ್ ಯಾವ ಕಡೆ ಊದುತ್ತದೆ, ಮುಹೂರ್ತದ ವಾಲಗ ಎಲ್ಲಿ ಕೂರುತ್ತದೆ. ಮೈಕಿಗಿಂತ ಬೆಳಗಿನ ಜಾವ ನಾಲ್ಕಕ್ಕೆ ಸಿಮೆಂಟ್ ನೆಲದ ಮೇಲೆ ಎಳೆಯುವ ಕೊಳದಪ್ಪಲೆಯೇ ಹೆಚ್ಚು ಕಾಟ. ಆ ಮೂಲೆಗೆ ನಿಮ್ಮ ಬಾತ್‌ರೂಮ್ ಬರಲಿ.

ಈಗ ಕಿಟಕಿ. ನಮ್ಮಲ್ಲಿ ಎಲ್ಲರೂ ಗಾಜಿನ ಬಗ್ಗೆ ಕೇಳುತ್ತಾರೆ, ಸಂದಿಯ ಬಗ್ಗೆ ಯಾರೂ ಕೇಳುವುದಿಲ್ಲ. ಎರಡೂ ಕಡೆ ಗಾರೆ ಮಾಡಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬೆಲ್ ತಡೆಯುತ್ತದೆ. ಆ ಗೋಡೆಯ ಹತ್ತನೇ ಒಂದು ಭಾಗ ಬರೀ 20 ತಡೆಯುವ ಕಿಟಕಿ ಆಗಿದ್ದರೆ, ಒಟ್ಟು ಲೆಕ್ಕ 30ಕ್ಕೆ ಇಳಿಯುತ್ತದೆ. ಗೋಡೆ ಇನ್ನೆಷ್ಟು ದಪ್ಪ ಮಾಡಿದರೂ ಆ 30 ಮೇಲೇಳುವುದಿಲ್ಲ. ಕಿಟಕಿಯ ವಿಸ್ತೀರ್ಣದಲ್ಲಿ ನೂರಕ್ಕೆ ಒಂದು ಪಾಲು ಸಂದಿ ಇದ್ದರೆ, ಅದೆಂಥ ಗಾಜಾಗಿದ್ದರೂ 20 ದಾಟುವುದಿಲ್ಲ.

ಸ್ಲೈಡಿಂಗ್ ಕಿಟಕಿಯ ಹತ್ತಿರ ಹೋಗಿ ಬಗ್ಗಿ ನೋಡಿ. ಎರಡು ಪಲ್ಲೆ ಸೇರುವ ಜಾಗದಲ್ಲಿ ಬ್ರಷ್‌ನಂಥ ಉಣ್ಣೆಯ ಪಟ್ಟಿ ಇರುತ್ತದೆ. ಕೆಳಗಿನ ಟ್ರ್ಯಾಕಿನಲ್ಲಿ ಮಳೆನೀರು ಹೋಗಲು ತೂತುಗಳಿರುತ್ತವೆ. ಸೊಳ್ಳೆ ಮೆಶ್ ಪಲ್ಲೆ ಇದ್ದರಂತೂ ಟ್ರ್ಯಾಕ್ ಇನ್ನೂ ಅಗಲ. ಅಗರಬತ್ತಿ ಹಚ್ಚಿ, ಫ್ಯಾನ್ ಆರಿಸಿ, ಮುಚ್ಚಿದ ಕಿಟಕಿಯ ಅಂಚಿನಗುಂಟ ನಿಧಾನ ತನ್ನಿ. ಹೊಗೆ ಅಲ್ಲಾಡಿದ ಕಡೆಯೆಲ್ಲ ಸದ್ದು ನುಗ್ಗುತ್ತಿದೆ. ಇಂಥ ಕಿಟಕಿ ಮುಚ್ಚಿದರೂ 20ರಿಂದ 25 ಸಿಕ್ಕರೆ ಹೆಚ್ಚು. ಅದಕ್ಕೆ ಡಬಲ್ ಗ್ಲಾಸ್ ಕೂರಿಸಿದರೆ ದುಡ್ಡು ದಂಡ.

ರಸ್ತೆ ಕಡೆಗೆ ಬಾಗಿಲಿನಂತೆ ತೆರೆಯುವ ಪಲ್ಲೆಯೇ ಬೇಕು. ಸುತ್ತ ರಬ್ಬರ್ ಗ್ಯಾಸ್ಕೆಟ್, ಎರಡು ಮೂರು ಕಡೆ ಒತ್ತಿ ಹಿಡಿಯುವ ಲಾಕ್. ಗಾಜು ಲ್ಯಾಮಿನೇಟೆಡ್, ಅಂದರೆ ಎರಡು ಗಾಜಿನ ನಡುವೆ ತೆಳು ಪದರ ಅಂಟಿಸಿದ್ದು. ಇಷ್ಟಕ್ಕೇ 33ರ ಆಸುಪಾಸು ಬರುತ್ತದೆ. ಮಾಮೂಲಿ ಡಬಲ್ ಗ್ಲಾಸಿನಲ್ಲಿ 5 ಮಿಲಿಮೀಟರಿನ ಎರಡು ಗಾಜು, ನಡುವೆ 12 ಮಿಲಿಮೀಟರ್ ಖಾಲಿ. ಅದು 200 ಹರ್ಟ್ಸ್ ಸುತ್ತಮುತ್ತ, ಅಂದರೆ ಸೆಕೆಂಡಿಗೆ 200 ಕಂಪನದ ತಗ್ಗು ದನಿಗೆ, ತಾನೇ ಕಂಪಿಸುತ್ತದೆ. ಲಾರಿ ಎಂಜಿನ್ನಿನ ಗೊರಗೊರ ಇರುವುದೂ ಆ ಕಡೆಗೇ. ಎ.ಸಿ. ಬಿಲ್ ಉಳಿಸಲು ಒಳ್ಳೆಯದು, ಲಾರಿಗೆ ಅಲ್ಲ. ನಿಜವಾಗಿ ಜಾಸ್ತಿ ತಡೆಯಬೇಕಾದರೆ ನಾಲ್ಕು ಇಂಚು ಅಂತರ ಬಿಟ್ಟು ಒಳಗೆ ಇನ್ನೊಂದು ಬೇರೆ ಕಿಟಕಿ ಕೂರಿಸಬೇಕು. 40 ಮುಟ್ಟಬಹುದು. ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಯನ್ನು ಬರೀ ಫೋಮ್ ಹೊಡೆದು ಬಿಡುತ್ತಾರೆ. ಮೇಲೆ ಸೀಲಂಟ್ ಹಾಕಿಸಿ, ಎದುರಿಗೇ ನಿಂತು.

ಕಿಟಕಿ ಬಿಗಿಯಾದ ಮೇಲೆ ಗಾಳಿ ಎಲ್ಲಿಂದ? ಫ್ಯಾನ್ ಇದ್ದ ಗಾಳಿಯನ್ನೇ ತಿರುಗಿಸುತ್ತದೆ, ಸ್ಪ್ಲಿಟ್ ಎ.ಸಿ. ಕೂಡ ಅಷ್ಟೇ. ಇಲ್ಲೂ ಉದ್ದಕ್ಕೆ ಸೀಳಿದ ಮನೆಗೇ ಗೆಲುವು: ಹಿಂದಿನಿಂದ ಗಾಳಿ ಒಳಗೆ, ಮುಂದಿನ ಬಾತ್‌ರೂಮಿನ ಎಕ್ಸಾಸ್ಟಿನಿಂದ ಹೊರಗೆ. ಆ ಬಾತ್‌ರೂಮಿನ ಗಾಜಿನ ಪಟ್ಟಿಗಳ ವೆಂಟಿಲೇಟರ್ ಮಾತ್ರ ದೊಡ್ಡ ತೂತು ಇದ್ದ ಹಾಗೆ. ಫಿಕ್ಸ್ ಗಾಜು ಹಾಕಿ, ಫ್ಯಾನಿಗೆ ಬೇರೆ ದಾರಿ ಕೊಡಿ. ಬಾತ್‌ರೂಮ್ ಬಾಗಿಲು ಕೆಳಗೆ ಅರ್ಧ ಇಂಚು ತೆರೆದಿರುತ್ತದೆ ಅನ್ನುವುದನ್ನು ಮರೆಯಬೇಡಿ.

ಕೊನೆಗೆ ನೀವೇ ಮಾಡುವ ಸದ್ದು. ಲಿಫ್ಟ್ ಇದೆ ಅಂದ ಮೇಲೆ ಜನರೇಟರ್ ಬರುತ್ತದೆ. ಕಾರ್ಖಾನೆಯಿಂದ ಬರುವ ಡಬ್ಬಿ ಸಮೇತದ ಸೆಟ್‌ಗೆ, 1,000 ಕೆವಿಎ (ಜನರೇಟರಿನ ಸಾಮರ್ಥ್ಯದ ಅಳತೆ) ವರೆಗೆ, ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮಿತಿ. ಬಯಲಿನಲ್ಲಿ ಹತ್ತು ಹೆಜ್ಜೆ ಹೋದರೆ ಅದು ಚೆನ್ನಾಗಿ ಇಳಿಯುತ್ತದೆ. ಆದರೆ ನಮ್ಮವರು ಅದನ್ನು ಇಡುವುದು ಹಿಂದಿನ ಸೆಟ್‌ಬ್ಯಾಕಿನಲ್ಲಿ, ಎರಡು ಗೋಡೆಗಳ ನಡುವೆ, ಸರಿಯಾಗಿ ಬೆಡ್‌ರೂಮ್ ಕಿಟಕಿಯ ಕೆಳಗೆ. ರಸ್ತೆಯಿಂದ ಕಷ್ಟಪಟ್ಟು ಉಳಿಸಿದ 15 ಡೆಸಿಬೆಲ್ ಅಲ್ಲಿಗೆ ಸಮಾಪ್ತಿ. ಮುಂದೆ, ಗೇಟಿನ ಪಕ್ಕ ಇಡಿ. ಅಲ್ಲಿ ಹೇಗೂ ಲಾರಿಯ ಸದ್ದಿದೆ. ಹೊಗೆ ಕೊಳವೆ ಟೆರೇಸ್ ದಾಟಿ ಹೋಗಬೇಕು. ಕಟ್ಟಡದ ಎತ್ತರಕ್ಕೆ, ಕೆವಿಎಯ ವರ್ಗಮೂಲದ 0.2 ಪಾಲು ಮೀಟರ್ ಸೇರಿಸಬೇಕು. 25 ಕೆವಿಎ ಆದರೆ ಒಂದು ಮೀಟರ್ ಹೆಚ್ಚುವರಿ.

ಸಂಪಿನ ಮೋಟರ್, ಪ್ರೆಶರ್ ಪಂಪ್ ಎರಡಕ್ಕೂ ಕೆಳಗೆ ರಬ್ಬರ್ ಪ್ಯಾಡ್, ಪೈಪಿಗೆ ಬಾಗುವ ಜೋಡಣೆ. ಲಿಫ್ಟ್ ಓಡುವ ಜಾಗದ ಗೋಡೆ ಯಾವ ಬೆಡ್‌ರೂಮಿಗೂ ತಾಗದಿರಲಿ. ಮೇಲಿನ ಮನೆಯ ಫ್ಲಶ್ ಪೈಪ್ ಕೆಳಗಿನವರ ತಲೆದಿಂಬಿನ ಹಿಂದಿನ ಗೋಡೆಯೊಳಗೆ ಇಳಿಯದಿರಲಿ. ಇವನ್ನೆಲ್ಲ ಈಗಲೇ ಪ್ಲಂಬರ್, ಎಲೆಕ್ಟ್ರಿಷಿಯನ್ ಡ್ರಾಯಿಂಗಿನಲ್ಲಿ ಬರೆಸಿ. ಡಬಲ್ ಗ್ಲಾಸಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಮುಂದಿನ ಎಂಟು ಹಾಲ್‌ಗಳಿಗೆ ಮಾತ್ರ ಒಳ್ಳೆಯ ಲ್ಯಾಮಿನೇಟೆಡ್ ಕಿಟಕಿ ಹಾಕಿಸಿ. ಹಿಂದಿನ ಬೆಡ್‌ರೂಮುಗಳಿಗೆ ಗ್ಯಾಸ್ಕೆಟ್ ಇರುವ ಸಾದಾ ಪಲ್ಲೆ ಸಾಕು. ಹೊಸ ನಕ್ಷೆ ಬಂದ ಮೇಲೆ, ಅಳತೆಯ ಪಟ್ಟಿಯ ಜೊತೆ ಕಳಿಸಿ, ಕಿಟಕಿಗಳ ಲೆಕ್ಕ ಒಮ್ಮೆ ನೋಡಿ ಹೇಳುತ್ತೇನೆ.